ಬಾಲ್‌ಪಾರ್ಕ್

ಬಿಟಿಎಂ ಲೇಔಟಿನ ಕಚೇರಿಗಳಲ್ಲಿ ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತು: ‘ಒಂದು ಬಾಲ್‌ಪಾರ್ಕ್ ಫಿಗರ್ ಹೇಳಿ ಸಾರ್.’ ಹೇಳುವವರೂ ಕೇಳುವವರೂ ಬಹುಪಾಲು ಬೇಸ್‌ಬಾಲ್ ಪಂದ್ಯವನ್ನೇ ನೋಡಿದವರಲ್ಲ. ಗಲ್ಲಿ ಕ್ರಿಕೆಟ್ಟಿನಲ್ಲಿ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಬೆಳೆದವರು.

ಬಾಲ್‌ಪಾರ್ಕ್ ಎಂದರೆ ಅಮೆರಿಕದ ಬೇಸ್‌ಬಾಲ್ ಮೈದಾನ. ಅಲ್ಲಿ ಬೇಸಿನಿಂದ ಬೇಸಿಗೆ 90 ಅಡಿ, ಅದು ನಿಗದಿ. ಹೊರಗಿನ ಬೇಲಿ ಮಾತ್ರ ಒಂದೊಂದು ಊರಿನಲ್ಲಿ ಒಂದೊಂದು ದೂರ. ಈ ಪದಕ್ಕೆ ಅಂದಾಜಿನ ಅರ್ಥ ಅಂಟಿದ್ದು 1950–60ರ ಸುಮಾರಿಗೆ, ಅದೂ ಆಕಾಶದ ಕಡೆಯಿಂದ. ಕ್ಷಿಪಣಿಯೋ ಉಪಗ್ರಹದ ಕೋಶವೋ ಬಂದು ಬೀಳಬಹುದಾದ ವಿಶಾಲ ಪ್ರದೇಶವನ್ನು ಅಮೆರಿಕನ್ನರು ಹಾಗೆ ಕರೆದರು. 1960ರ ಆಗಸ್ಟಿನಲ್ಲಿ ಡಿಸ್ಕವರರ್ 14 ಉಪಗ್ರಹದ ಕೋಶ ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದಾಗ, ಪೆಸಿಫಿಕ್ ಮೇಲೆ ವಿಮಾನವೊಂದು ಅದನ್ನು ಗಾಳಿಯಲ್ಲೇ ಹಿಡಿಯಿತು. ಕ್ಯಾಚ್ ಎಂದರೆ ಅದು!

ನಮ್ಮ ‘ಅಂದಾಜು’, ‘ಸುಮಾರು’ಗಳೂ ಮನೆಯವಲ್ಲ, ಪಾರಸಿಯಿಂದ ಬಂದವು. ಒಂದರ ಮೂಲ ಅಳತೆ, ಇನ್ನೊಂದರದು ಎಣಿಕೆ. ಲೆಕ್ಕದ ಪದಗಳೇ ಇಲ್ಲಿಗೆ ಬರುವಷ್ಟರಲ್ಲಿ ಸಡಿಲವಾದದ್ದು ತಮಾಷೆ. ಅಚ್ಚಗನ್ನಡದ್ದೇ ಬೇಕೆಂದರೆ ‘ಕಣ್ಣಳತೆ’ ಇದೆ. ನನಗೆ ಇಷ್ಟ ಅದೇ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವಿನಾಕೆ ಮಲ್ಲಿಗೆ ದಂಡೆಯನ್ನು ಮೊಣಕೈಯಿಂದ ನಡುಬೆರಳ ತುದಿಗೆ ಎಳೆದು ಮೊಳ ಹಾಕುತ್ತಾಳೆ. ಕೈ ಗಿಡ್ಡವಾದರೆ ಮೊಳವೂ ಗಿಡ್ಡ. ‘ಇದು ಮೊಳವೇನಮ್ಮಾ?’ ಎಂದರೆ ಮಾತಾಡದೆ ಇನ್ನೊಂದು ಗೇಣು ಸೇರಿಸಿ, ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾಳೆ.