ರಬ್ಬರ್ ತೊಗಲಿನೊಳಗಿನ ವಿಜ್ಞಾನ

ತೆರೆಯ ಮೇಲಿನ ದೈತ್ಯ ಸರೀಸೃಪಗಳು ಬರೀ ಕಲ್ಪನೆಯ ಕೂಸುಗಳೆಂಬ ಮಾತಿದೆ. ಆದರೆ ಅವುಗಳ ಮೈಕಟ್ಟಿನಲ್ಲಿ ಆಯಾ ಕಾಲದ ವಿಜ್ಞಾನ ಅಚ್ಚೊತ್ತಿರುತ್ತದೆ. 1954ರ ಜಪಾನಿ ಚಿತ್ರ ‘ಗಾಡ್ಜಿಲಾ’ಗಾಗಿ ತೊಹೊ ಸ್ಟುಡಿಯೊದ ಕಲಾವಿದರು ಟೈರನೊಸಾರಸ್, ಇಗ್ವಾನೊಡಾನ್‌ಗಳ ಅಂಗರಚನೆಯನ್ನು ಬೆರೆಸಿ, ಸ್ಟೆಗೊಸಾರಸ್‌ನ ಬೆನ್ನಫಲಕಗಳನ್ನು ಜೋಡಿಸಿದರು. ಇಂಥ ಕಲಬೆರಕೆ ಪ್ರಾಣಿ ಭೂಮಿಯ ಮೇಲೆ ಎಂದೂ ಇರಲಿಲ್ಲ, ನಿಜ. ಆದರೆ ಅದರ ನಿಲುವು ಕಲ್ಪಿತವಲ್ಲ. ಬಾಲವನ್ನು ನೆಲಕ್ಕೆಳೆಯುತ್ತ ನೆಟ್ಟಗೆ ನಿಲ್ಲುವ ಟೈರನೊಸಾರಸ್ ಅಸ್ಥಿಪಂಜರವನ್ನು ನ್ಯೂಯಾರ್ಕ್‌ನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ 1915ರಲ್ಲೇ ಪ್ರದರ್ಶನಕ್ಕಿಟ್ಟಿತ್ತು.

ಗಾಡ್ಜಿಲಾ ಉಡುಪಿನೊಳಗೆ ಮನುಷ್ಯನಿದ್ದ ಮೇಲೆ ನೆಟ್ಟಗೆ ನಿಲ್ಲದೆ ಬೇರೆ ದಾರಿಯೇನಿತ್ತು ಎಂದು ಯಾರಾದರೂ ಕೇಳಬಹುದು. ನಟ ಹರುವೊ ನಕಜಿಮ ತೊಟ್ಟ ಆ ಉಡುಪು ಹೆಜ್ಜೆ ಎತ್ತಿಡುವುದೂ ಕಷ್ಟವಾಗುವಷ್ಟು ಭಾರವಾಗಿತ್ತೆಂಬುದು ಸುಳ್ಳಲ್ಲ. ಆದರೆ ಮನುಷ್ಯದೇಹವೊಂದೇ ಕಾರಣವಾಗಿದ್ದರೆ 1993ರ ‘ಜುರಾಸಿಕ್ ಪಾರ್ಕ್’ ಬೇರೆ ರೀತಿ ಇರುತ್ತಿರಲಿಲ್ಲ. ಅಷ್ಟರಲ್ಲಿ ಡೈನೊಸಾರ್‌ಗಳ ಬೆನ್ನು ನೆಲಕ್ಕೆ ಸಮಾನಾಂತರವಾಗಿತ್ತು, ಬಾಲ ಮೇಲೆದ್ದಿತ್ತೆಂದು ವಿಜ್ಞಾನಿಗಳು ಒಪ್ಪಿದ್ದರು. ಹಾಗಾಗಿ ಆ ಚಿತ್ರಕ್ಕೆ ಡೈನೊಸಾರ್ ಉಡುಪು ತಯಾರಿಸಿದ ಸ್ಟಾನ್ ವಿನ್‌ಸ್ಟನ್ ತಂಡದ ರ‍್ಯಾಪ್ಟರ್ ಉಡುಪಿನೊಳಗಿನ ಕಲಾವಿದ ಸೊಂಟ ಬಗ್ಗಿಸಿಯೇ ನಟಿಸಬೇಕಾಯಿತು. ಪರೀಕ್ಷಾ ದೃಶ್ಯಗಳಲ್ಲಿ ರ‍್ಯಾಪ್ಟರ್‌ಗೆ ಹಾವಿನಂಥ ಸೀಳುನಾಲಿಗೆ ಕೊಟ್ಟಾಗ ಸಲಹೆಗಾರ ಜ್ಯಾಕ್ ಹಾರ್ನರ್ ಆಕ್ಷೇಪಿಸಿದರು, ಅದನ್ನು ಕೈಬಿಡಲಾಯಿತು. 2007ರಲ್ಲಿ ವೆಲೊಸಿರ‍್ಯಾಪ್ಟರ್‌ನ ಮುಂಗೈ ಮೂಳೆಯಲ್ಲಿ ಗರಿ ಬೇರೂರಿದ ಗುರುತುಗಳು ಸಿಕ್ಕ ಮೇಲೆ ಆ ಚಿತ್ರದ ಬೋಳುಮೈಯೂ ಹಳತಾಯಿತು. ಇದನ್ನು ಕಲಾವಿದರ ಸೋಲೆನ್ನುವುದು ಸಲ್ಲದು. ಅವರು ತಮ್ಮ ಕಾಲದ ಅರಿವನ್ನು ಶ್ರದ್ಧೆಯಿಂದ ಅನುಸರಿಸಿದ್ದರಿಂದಲೇ ಈ ಉಡುಪುಗಳು ಇಂದು ವಿಜ್ಞಾನದ ಇತಿಹಾಸಕ್ಕೂ ದಾಖಲೆಗಳಾಗಿವೆ.