ತಾಯಿಯ ಮಡಿಲು, ಲೋಕದ ಉಪದೇಶ

ಮಗುವಿಗೆ ಹಾಲೂಡುವುದು ಮನುಕುಲದ ಅತ್ಯಂತ ಹಳೆಯ ಕೆಲಸಗಳಲ್ಲೊಂದು. ಇಷ್ಟು ಹಳೆಯ ಕೆಲಸಕ್ಕೆ ಯಾರ ಉಪದೇಶವೂ ಬೇಕಾಗಿರಲಾರದೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಚರಿತ್ರೆ ಹೇಳುವ ಮಾತು ಬೇರೆ. ಎಷ್ಟು ಹೊತ್ತಿಗೊಮ್ಮೆ ಮೊಲೆಯೂಡಬೇಕು, ಅತ್ತಾಗ ಎತ್ತಿಕೊಳ್ಳಬೇಕೇ ಬೇಡವೇ, ರಾತ್ರಿ ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕೇ ತೊಟ್ಟಿಲಿಗೆ ಹಾಕಬೇಕೇ, ಹಾಲು ಬಿಡಿಸುವುದು ಯಾವಾಗ? ಈ ಒಂದೊಂದು ಪ್ರಶ್ನೆಗೂ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ. ಉತ್ತರ ಕೊಟ್ಟವರಲ್ಲಿ ಹಾಲೂಡಿದವರು ಮಾತ್ರ ವಿರಳ. ನಾನು ವೈದ್ಯನಲ್ಲ, ಭಾಷೆ, ಸಾಹಿತ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಆದುದರಿಂದ ಇಲ್ಲಿ ನಾನು ಉಪದೇಶ ಮಾಡುವುದಿಲ್ಲ, ಉಪದೇಶಗಳ ಚರಿತ್ರೆಯನ್ನಷ್ಟೇ ಹೇಳುತ್ತೇನೆ.

ಒಂದು ಶಬ್ದದಿಂದ ಪ್ರಾರಂಭಿಸೋಣ. ಇಂದು ನಾವು ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವವರನ್ನು ದಾದಿ ಎನ್ನುತ್ತೇವೆ. ಇದು ಸಂಸ್ಕೃತದ ‘ಧಾತ್ರಿ’ಯ ತದ್ಭವ. ಧಾತ್ರಿಯೆಂದರೆ ಬೇರೆಯವರ ಮಗುವಿಗೆ ಮೊಲೆಯೂಡಿ ಸಾಕುವವಳು. ಅಂಥವಳನ್ನು ಆರಿಸುವಾಗ ಆಕೆಯ ವಯಸ್ಸು, ದೇಹಸ್ಥಿತಿ, ಶೀಲ, ಕುಲಗಳನ್ನು ನೋಡಬೇಕೆಂದು ಸುಶ್ರುತಸಂಹಿತೆ ವಿವರಿಸುತ್ತದೆ. ಹೆತ್ತವಳಿಗೆ ಮೂರು ನಾಲ್ಕು ರಾತ್ರಿಗಳಾದ ಮೇಲೆ ಹಾಲು ಹರಿಯುತ್ತದೆಂದೂ, ಅಲ್ಲಿಯವರೆಗೆ ಶಿಶುವಿಗೆ ಜೇನು, ತುಪ್ಪ ಮೊದಲಾದುವನ್ನು ನೆಕ್ಕಿಸಬೇಕೆಂದೂ ಅದೇ ಗ್ರಂಥದಲ್ಲಿದೆ. ಇದು ನಮ್ಮ ದೇಶದ ನಂಬಿಕೆ ಮಾತ್ರವಲ್ಲ. ಕ್ರಿಸ್ತಶಕ 2ನೆಯ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಕೂಡ ತಾಯಿಯ ಮೊದಲ ದಿನಗಳ ಹಾಲು ಶಿಶುವಿಗೆ ತಕ್ಕುದಲ್ಲವೆಂದೇ ಬಗೆದಿದ್ದನು.

ಇಲ್ಲೊಂದು ವಿಪರ್ಯಾಸವಿದೆ. ಹಸು ಕರುಹಾಕಿದರೆ ಅದರ ಗಿಣ್ಣುಹಾಲಿಗಾಗಿ ನಾವು ಕಾದು ಕುಳಿತಿರುತ್ತೇವೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ನೆರೆಮನೆಗೂ ಹಂಚುತ್ತೇವೆ. ಆದರೆ ಬಾಣಂತಿಯ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿದ ಮನೆಗಳು ನಮ್ಮಲ್ಲಿ ಎಷ್ಟೋ! ರೋಗಗಳಿಂದ ಶಿಶುವನ್ನು ಕಾಯುವ ಸತ್ತ್ವ ಆ ಹಳದಿ ಹಾಲಿನಲ್ಲಿ ತುಂಬಿದೆಯೆಂದು ವಿಜ್ಞಾನ ಸಾರಿ ಹೇಳಿದ ಮೇಲೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಕಂಡ ಮಕ್ಕಳು ಶೇಕಡ 41.8 ಮಾತ್ರ. ತಾಯಿಹಾಲನ್ನು ಅಮೃತವೆಂದು ಹೊಗಳುವ ನಾಡಿನ ಲೆಕ್ಕ ಇದು.

ಇನ್ನು ಗಡಿಯಾರದ ಕಾಲ. 1748ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಕ್ಯಾಡೊಗನ್ ಶಿಶುಪಾಲನೆಯ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಹೆತ್ತ ತಾಯಿಯೇ ಹಾಲೂಡಬೇಕು, ಮಗುವನ್ನು ಬಟ್ಟೆಯಲ್ಲಿ ಬಿಗಿದು ಸುತ್ತಬಾರದು ಎಂದ ಅವರ ಮಾತು ಹಿತವಾದದ್ದೇ. ಆದರೆ ದಿನಕ್ಕೆ ನಾಲ್ಕೇ ಸಲ ಊಡಿದರೆ ಸಾಕು ಎಂದೂ ಅವರು ವಿಧಿಸಿದರು. ಈ ಕೆಲಸವನ್ನು ಬಹುಕಾಲ ಹೆಂಗಸರ ಕೈಗೆ ಬಿಟ್ಟದ್ದೇ ಅನರ್ಥಕ್ಕೆ ಕಾರಣವೆಂಬುದು ಅವರ ನಿಲುವು. 1907ರಲ್ಲಿ ನ್ಯೂಜಿಲೆಂಡಿನಲ್ಲಿ ಪ್ಲಂಕೆಟ್ ಸೊಸೈಟಿಯನ್ನು ಸ್ಥಾಪಿಸಿದ ಟ್ರೂಬಿ ಕಿಂಗ್ ಕೂಡ ತಾಯಿಹಾಲಿನ ಪಕ್ಷಪಾತಿಯೇ. ಆದರೆ ಅವರ ವಿಧಿಯಲ್ಲಿ ನಾಲ್ಕು ಗಂಟೆಗೊಮ್ಮೆ ಹಾಲು, ರಾತ್ರಿ ಏನೂ ಇಲ್ಲ. 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ಇನ್ನೂ ಮುಂದೆ ಹೋಗಿ, ಮಕ್ಕಳನ್ನು ಅಪ್ಪಿ ಮುದ್ದಿಸಬಾರದು, ಬೆಳಿಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದು ಬರೆದರು. ಮಗು ಪಕ್ಕದ ಕೋಣೆಯಲ್ಲಿ ಅಳುತ್ತಿರಲು, ಗಡಿಯಾರದ ಮುಳ್ಳನ್ನು ನೋಡುತ್ತ, ಎದೆ ತೊಯ್ದು ಕುಳಿತ ತಾಯಂದಿರು ಆ ದೇಶಗಳಲ್ಲಿ ಎಷ್ಟು ಮಂದಿಯೋ!

ಗಡಿಯಾರದ ಜೊತೆಯಲ್ಲೇ ಡಬ್ಬಿಯೂ ಬಂದಿತು. 1860ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್, ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ತಯಾರಿಸಿದ ಶಿಶು ಆಹಾರಗಳು ಮಾರುಕಟ್ಟೆಗೆ ಇಳಿದುವು. ತಾಯಿಯಿಲ್ಲದ ಕೂಸುಗಳಿಗೆ ಇಂಥ ಆಹಾರ ಜೀವದಾನ ಮಾಡಿದ್ದುಂಟು; ಅದನ್ನು ಮರೆಯುವುದು ಕೃತಘ್ನತೆ. ಆದರೆ ಶುದ್ಧ ನೀರಿಲ್ಲದ, ಬಾಟಲಿ ಕುದಿಸಲು ಸೌದೆಯಿಲ್ಲದ ಗುಡಿಸಲಿಗೂ ಅದು ಜಾಹೀರಾತಿನ ಬೆನ್ನೇರಿ ಬಂದಾಗ ಕಥೆ ಬೇರೆಯಾಯಿತು. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾಡಿದ ಭಾಷಣಕ್ಕೆ ಕೊಟ್ಟ ಹೆಸರು ‘ಹಾಲು ಮತ್ತು ಕೊಲೆ’. ಆಕೆ ಅದಕ್ಕೆ ಮೊದಲು ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇಂದಿನ ಘಾನಾದಲ್ಲಿ, ಮಕ್ಕಳ ಒಂದು ರೋಗವನ್ನು ಗುರುತಿಸಿ ಅಲ್ಲಿಯ ಗಾ ಭಾಷೆಯ ಹೆಸರಿನಿಂದಲೇ ಅದನ್ನು ಲೋಕಕ್ಕೆ ಪರಿಚಯಿಸಿದ್ದರು. ಕ್ವಾಶಿಯೋರ್ಕರ್ ಎಂಬ ಆ ಶಬ್ದಕ್ಕೆ, ತಮ್ಮನೋ ತಂಗಿಯೋ ಹುಟ್ಟಿದೊಡನೆ ಎದೆಹಾಲಿನಿಂದ ದೂರವಾದ ಮಗುವಿನ ಕಾಯಿಲೆ ಎಂದು ಅರ್ಥ. ಹೆಸರಿಟ್ಟ ಹಳ್ಳಿಯ ತಾಯಂದಿರಿಗೆ ರೋಗದ ಮೂಲ ವೈದ್ಯಶಾಸ್ತ್ರಕ್ಕಿಂತ ಮೊದಲೇ ತಿಳಿದಿತ್ತು!

1974ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ‘ಬೇಬಿ ಕಿಲ್ಲರ್’ ಎಂಬ ಕಿರುಹೊತ್ತಗೆ ಡಬ್ಬಿಹಾಲಿನ ಮಾರಾಟದ ರೀತಿಯನ್ನು ಪ್ರಶ್ನಿಸಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಅದಕ್ಕೊಂದು ನೀತಿಸಂಹಿತೆಯನ್ನು ಅಂಗೀಕರಿಸಿತು. ವಿರುದ್ಧವಾಗಿ ಬಿದ್ದ ಒಂದೇ ಮತ ಅಮೆರಿಕದ್ದು. ನಮ್ಮ ದೇಶದ ಕಥೆಯೂ ಸ್ವಾರಸ್ಯವಾಗಿದೆ. ಪರದೇಶದ ಡಬ್ಬಿಗಳನ್ನು ತರಿಸುವುದು ತಪ್ಪಲೆಂದು 1950ರ ದಶಕದಲ್ಲಿ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದ್ದು ನಮ್ಮ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಅದು ಆ ಕಾಲದ ಸ್ವಾವಲಂಬನೆ. 1992ರಲ್ಲಿ ಅದೇ ದೇಶ ಒಂದು ಕಾಯಿದೆ ಮಾಡಿ, ಶಿಶುಹಾಲಿನ ಡಬ್ಬಿಯ ಮೇಲೆ ತಾಯಿಯ ಅಥವಾ ಮಗುವಿನ ಚಿತ್ರ ಇರಕೂಡದು, ತಾಯಿಹಾಲೇ ಶ್ರೇಷ್ಠವೆಂದು ಮುದ್ರಿಸಬೇಕು ಎಂದು ವಿಧಿಸಿತು. ಎರಡೂ ವಿವೇಕದ ಮಾತೇ.

ಗಡಿಯಾರದ ಮಾತಿಗೆ ಮೊದಲ ದೊಡ್ಡ ಪ್ರತ್ಯುತ್ತರ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. 1951ರಲ್ಲಿ ಜಾನ್ ಬೌಲ್ಬಿ, ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ, ಮಗುವಿನ ಮನಸ್ಸು ಬೆಳೆಯಲು ತಾಯಿಯ, ಇಲ್ಲವೆ ತಾಯಿಯಂತೆ ಸಾಕುವ ಒಬ್ಬರ, ಎಡೆಬಿಡದ ಆಪ್ತ ಸಂಬಂಧ ಅವಶ್ಯವೆಂದರು. ಅವರ ಜೊತೆಗಾರ್ತಿ ಮೇರಿ ಐನ್ಸ್‌ವರ್ತ್ 1954–55ರಲ್ಲಿ ಉಗಾಂಡದ ಹಳ್ಳಿಗಳಲ್ಲಿ 26 ಕುಟುಂಬಗಳ ಮನೆಗೆ ಹೋಗಿ ಹೋಗಿ ತಾಯಿ ಮಕ್ಕಳನ್ನು ಗಮನಿಸಿದರು. ಮಗುವಿನ ಸನ್ನೆಯನ್ನು ಅರಿತು ಓಗೊಡುವ ಸೂಕ್ಷ್ಮತೆಯೇ ಬಾಂಧವ್ಯದ ಬುನಾದಿಯೆಂದು ಅವರ ಅಧ್ಯಯನಗಳು ಕ್ರಮೇಣ ತೋರಿಸಿದುವು. ಮುಂದೆ ಅಮೆರಿಕದ ವೈದ್ಯ ವಿಲಿಯಂ ಸಿಯರ್ಸ್, ಅವರ ಪತ್ನಿ ಮಾರ್ಥಾ, ಕೇಳಿದಾಗಲೆಲ್ಲ ಹಾಲು, ಸದಾ ಮೈಗಂಟಿದ ಮಗು, ಮಗ್ಗುಲ ನಿದ್ದೆ ಎಂಬುವನ್ನು ಒಂದು ಪದ್ಧತಿಯಾಗಿ ಬೋಧಿಸಿದರು. ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ, ಇದಕ್ಕೂ ಒಂದು ಪುಸ್ತಕವೇ ಎಂದು ನಗುತ್ತಿದ್ದರು.

ಆದರೆ ನಗು ಅಲ್ಲಿಗೇ ನಿಲ್ಲಬೇಕು. ನಮ್ಮ ಹಳೆಯ ಮನೆಗಳಲ್ಲಿ ಮಗು ಸದಾ ಯಾರದೋ ಸೊಂಟದ ಮೇಲೆ ಇರುತ್ತಿತ್ತು, ನಿಜ. ಆ ಸೊಂಟ ಎಲ್ಲ ಹೊತ್ತಿನಲ್ಲೂ ತಾಯಿಯದಾಗಿರಲಿಲ್ಲ. ಬಾಣಂತನ ಮಾಡಲು ಅವಳ ತಾಯಿ, ನೀರೆರೆಯಲು ಒಬ್ಬ ಮುದುಕಿ, ಎತ್ತಿಕೊಳ್ಳಲು ಅತ್ತೆ, ನಾದಿನಿ, ನೆರೆಯ ಹುಡುಗಿ. ಅಪ್ಪಣೆ ಕೊಡುವವರೂ ಅವರೇ. ಬಾಣಂತಿಯ ಬಾಯಿಗೆ ಬೀಗವೂ ಇತ್ತು. ಆ ಬೀಗ ತೆರೆದದ್ದು ಒಳ್ಳೆಯದೇ ಆಯಿತು. ಬೀಗದ ಜೊತೆಗೆ ಆ ಕೈಗಳೂ ಹೋದುವು. ಹತ್ತು ಕೈಗಳ ಕೆಲಸವನ್ನು ಈಗ ಒಬ್ಬಳ ಮೇಲೆ ಹೊರಿಸಿ, ಅದು ಸಾಗದಿದ್ದರೆ ಅವಳ ಪ್ರೀತಿಯನ್ನೇ ಶಂಕಿಸುತ್ತೇವೆ. ಎದೆ ಬತ್ತಿದವಳು, ಕೆಲಸಕ್ಕೆ ಹಿಂತಿರುಗಬೇಕಾದವಳು, ಬಾಟಲಿ ಹಿಡಿದ ಕಾರಣಕ್ಕೆ ತಲೆ ತಗ್ಗಿಸಬೇಕೆ?

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕೆಂಬ ವೈದ್ಯರ ಮಾತಿಗೂ ಈ ಅವಧಿಗೂ ಹೊಂದಿಕೆಯಿದೆ. ಆದರೆ ಕಳೆ ಕೀಳುವವಳಿಗೆ, ಇಟ್ಟಿಗೆ ಹೊರುವವಳಿಗೆ, ಮನೆಗೆಲಸದವಳಿಗೆ ಆ ರಜೆಯ ನೆರಳು ತಾಕಲಿಲ್ಲ. ಬದುವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಅವಳ ಮಗು ಅಳುತ್ತಿರುವಾಗ ಅವಳನ್ನು ತಡೆಯುವುದು ಟ್ರೂಬಿ ಕಿಂಗರ ಗಡಿಯಾರವಲ್ಲ, ಮೇಸ್ತ್ರಿಯ ಕೂಗು.

ಎರಡು ಸಾವಿರ ವರ್ಷಗಳಿಂದ ಲೋಕ ತಾಯಿಗೆ ಹೇಗೆ ಹಾಲೂಡಬೇಕೆಂದು ಹೇಳುತ್ತ ಬಂದಿದೆ. ಊಡಲು ಬೇಕಾದ ಬಿಡುವು, ಅನ್ನ, ನೆರಳು, ಜೊತೆಗೊಂದು ಕೈ, ಇವನ್ನು ಕೊಟ್ಟದ್ದು ಬಹಳ ಕಡಿಮೆ. ಉಪದೇಶದ ಸರದಿ ಮುಗಿದಿದೆ. ಇನ್ನು ಕೊಡುವ ಸರದಿ ನಮ್ಮದು.