ಹಗೆಯ ಸಾಕ್ಷ್ಯ

ಗ್ಲೋವರ್ಮ್ ಎಂದರೆ ಮಿಣುಕುಹುಳು. ಬ್ರಿಟಿಷ್ ನೌಕಾಪಡೆಯ ಒಂದು ಡಿಸ್ಟ್ರಾಯರಿಗೆ ಈ ಹೆಸರಿಟ್ಟಿದ್ದರು. 1936ರಲ್ಲಿ ಸೇವೆಗೆ ಬಂದ ಸುಮಾರು 1,350 ಟನ್ನಿನ ಹಡಗು. ನಾಲ್ಕು ಫಿರಂಗಿ, ಹತ್ತು ಟಾರ್ಪಿಡೊ ಕೊಳವೆ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಆ ಕರಾವಳಿಯ ಕಾವಲು, ಮಹಾಯುದ್ಧ ಮೊದಲಾದಾಗ ಮೆಡಿಟರೇನಿಯನ್, ಆಮೇಲೆ ಉತ್ತರ ಸಮುದ್ರ. ಕೊನೆಯ ಒಂದು ಬೆಳಗನ್ನು ಬಿಟ್ಟರೆ ಇದರ ಬಾಳಿನಲ್ಲಿ ಎತ್ತಿ ಹೇಳುವಂಥದು ಹೆಚ್ಚಿಲ್ಲ.

1940ರ ಏಪ್ರಿಲ್ ಮೊದಲ ವಾರ ನಾರ್ವೆಯ ಕಡಲಿನಲ್ಲಿ ಮೈನುಗಳನ್ನು ಹರಡಲು ಬ್ರಿಟಿಷರ ಪಡೆ ಹೊರಟಿತು. ಅದರ ಬೆಂಗಾವಲಿಗೆ ರಿನೌನ್ ಎಂಬ ಭಾರಿ ಯುದ್ಧನೌಕೆ, ಅದರೊಡನೆ ಗ್ಲೋವರ್ಮ್. ದಾರಿಯಲ್ಲಿ ನಾವಿಕನೊಬ್ಬ ಕಡಲಿಗೆ ಬಿದ್ದ. ಅವನನ್ನು ಹುಡುಕಲು ಹಿಂದುಳಿದ ಗ್ಲೋವರ್ಮ್ ಕೆಟ್ಟ ಹವೆಯಲ್ಲಿ ಒಂಟಿಯಾಯಿತು. ನಾರ್ವೆಯನ್ನೇ ಹಿಡಿಯಲು ಹೊರಟ ಜರ್ಮನ್ ಪಡೆ ಅದೇ ನೀರಿನಲ್ಲಿತ್ತು. 8ನೆಯ ತಾರೀಖು ಬೆಳಿಗ್ಗೆ ಮೊದಲು ಜರ್ಮನ್ ಡಿಸ್ಟ್ರಾಯರುಗಳು ಎದುರಾದವು. ಅವುಗಳ ಕರೆಗೆ ಅಡ್ಮಿರಲ್ ಹಿಪ್ಪರ್ ಎಂಬ ಕ್ರೂಸರ್ ಬಂದಿತು. ತೂಕದಲ್ಲಿ ಸುಮಾರು ಹತ್ತು ಪಟ್ಟು ದೊಡ್ಡದು. ಎಂಟು ಇಂಚು ಬಾಯಿಯ ಎಂಟು ಫಿರಂಗಿ.

ಗ್ಲೋವರ್ಮಿನ ನಾಯಕ ಜೆರಾರ್ಡ್ ರೂಪ್ ಹೊಗೆಯ ತೆರೆ ಎಬ್ಬಿಸಿದ. ಟಾರ್ಪಿಡೊ ಬಿಟ್ಟ, ಒಂದೂ ತಾಗಲಿಲ್ಲ. ಹಡಗು ಉರಿಯುತ್ತಿದ್ದಂತೆಯೇ ಅದು ತಿರುಗಿ ಹಿಪ್ಪರಿನ ಬಲಮಗ್ಗುಲಿಗೆ ನುಗ್ಗಿ ಉದ್ದಕ್ಕೂ ತಗಡನ್ನು ಸೀಳಿತು. ತನ್ನ ಮೂತಿಯೇ ಮುರಿದುಹೋಗಿ, ಸ್ವಲ್ಪ ಹೊತ್ತಿನಲ್ಲೇ ಮುಳುಗಿತು. ನೂರಕ್ಕೂ ಹೆಚ್ಚು ಮಂದಿ ಸತ್ತರು.

ಇಲ್ಲಿಂದ ಮುಂದಿನ ಸಂಗತಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಹಿಪ್ಪರಿನ ಕ್ಯಾಪ್ಟನ್ ಹೆಲ್ಮುಟ್ ಹೈಯೆ ಹಡಗು ನಿಲ್ಲಿಸಿ, ತೈಲ ಹರಡಿದ ಆ ನೀರಿನಿಂದ ಬದುಕಿದ್ದವರನ್ನು ಮೇಲೆತ್ತಿಸಿದ. ಶತ್ರುಗಳು ಎಲ್ಲಿಂದಲಾದರೂ ಬಂದಾರೆಂಬ ಭಯವಿರುವ ಕಡಲು. ಅಲ್ಲಿ ಹಾಗೆ ನಿಲ್ಲುವುದು ಸಣ್ಣ ಮಾತಲ್ಲ. ರೂಪ್ ತನ್ನವರಿಗೆ ನೆರವಾಗುತ್ತಿದ್ದನಂತೆ. ಅವನ ಕೈಗೂ ಹಗ್ಗ ಸಿಕ್ಕಿತು, ಆದರೆ ಏರುವಷ್ಟು ಕಸುವು ಉಳಿದಿರಲಿಲ್ಲ. ಕೈ ಜಾರಿ ಹೋದ.

ಹೈಯೆ ಆಮೇಲೆ ರೆಡ್ ಕ್ರಾಸಿನ ಮೂಲಕ ತನ್ನ ಎದುರಾಳಿಯ ಸಾಹಸವನ್ನು ಬ್ರಿಟಿಷರಿಗೆ ಬರೆದು ತಿಳಿಸಿದ. ವೀರಗಲ್ಲುಗಳ ಬರಹವನ್ನು ತರಗತಿಯಲ್ಲಿ ಓದಿಸುವವನು ನಾನು. ಅಲ್ಲಿ ಕಲ್ಲು ನಿಲ್ಲಿಸುವವರು ಸಾಮಾನ್ಯವಾಗಿ ಸತ್ತವನ ಕಡೆಯವರು. ಇಲ್ಲಿ ಕೊಂದವನೇ ಲೇಖಕ!

ಹಗೆ ಹೇಳಿದನೆಂದ ಮಾತ್ರಕ್ಕೆ ಎಲ್ಲವೂ ಇತ್ಯರ್ಥವಾಗಲಿಲ್ಲ. ಡಿಕ್ಕಿ ಬೇಕೆಂದೇ ಹೊಡೆದದ್ದೋ, ಚುಕ್ಕಾಣಿ ಕೆಟ್ಟು ಹಡಗು ತಾನಾಗಿ ತಿರುಗಿತೋ ಎಂಬ ಚರ್ಚೆ ಉಂಟು. ಹಿಪ್ಪರ್ ಕೂಡ ಆ ಗಳಿಗೆಯಲ್ಲಿ ಇದರತ್ತಲೇ ತಿರುಗುತ್ತಿತ್ತು. ಉತ್ತರ ಹೇಳಬೇಕಾದ ರೂಪನೇ ಇಲ್ಲ. ಚುಕ್ಕಾಣಿ ಕೆಟ್ಟಿತ್ತೆಂದೇ ಇಟ್ಟುಕೊಂಡರೂ, ಅಷ್ಟು ಹತ್ತಿರದವರೆಗೆ ಕಾದಾಡುತ್ತ ಬಂದದ್ದು ಸುಳ್ಳಾಗದು ಎಂದು ನನ್ನ ಎಣಿಕೆ.

ಬದುಕಿದವರು ಐದು ವರ್ಷ ಜರ್ಮನರ ಸೆರೆಯಲ್ಲಿದ್ದರು. ಅವರು ಮರಳಿ ಬಂದು ಕಥೆ ಹೇಳಿದ ಮೇಲೆ, 1945ರ ಜುಲೈಯಲ್ಲಿ, ರೂಪನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು. ಆ ಮಹಾಯುದ್ಧದಲ್ಲಿ ಈ ಪದಕ ತಂದ ಸಾಹಸಗಳಲ್ಲೆಲ್ಲ ಕಾಲದಿಂದ ಮೊದಲನೆಯದು ಇದೇ. ಆ ಹೊತ್ತಿಗೆ ಹಿಪ್ಪರ್ ಕೂಡ ಉಳಿದಿರಲಿಲ್ಲ. ಬಾಂಬಿಗೆ ಸಿಕ್ಕಿ ಹಾಳಾದ ಅದನ್ನು ಮೇ ತಿಂಗಳಲ್ಲಿ ಕೀಲ್ ಬಂದರಿನಲ್ಲಿ ಜರ್ಮನರೇ ಮುಳುಗಿಸಿದ್ದರು.